ನೆಲಕ್ಕೆ ಕೈ ಊರದ ಗುರುಮಲ್ಲಮ್ಮ

ನನ್ನ ಅತ್ತೆ ಗುರುಮಲ್ಲಮ್ಮನವರು ನೆಲದಿಂದ ಏಳುವಾಗ ಕೈ ಊರುತ್ತಿರಲಿಲ್ಲ. ಎಪ್ಪತ್ತು ದಾಟಿದ್ದ ಹೆಂಗಸು. ಬೀಸುವ ಕಲ್ಲಿನ ಮುಂದೆ ಕೂತವರು ಹಾಗೇ ಸ್ವಲ್ಪ ಮುಂದಕ್ಕೆ ಬಾಗಿ, ಸೆರಗೂ ಜಾರದಂತೆ ನೆಟ್ಟಗೆ ಎದ್ದು ನಿಲ್ಲುತ್ತಿದ್ದರು. ಜಗಲಿಯ ಮೇಲಿನ ಗಂಡಸರು 'ಶಿವನೇ' ಎಂದು ನೆಲ ಒತ್ತಿ ಏಳುವುದನ್ನು ಕಂಡರೆ ಅವರಿಗೆ ನಗು ತಡೆಯಲಾಗುತ್ತಿರಲಿಲ್ಲ. "ಯಾಕ್ಲಾ, ನೆಲಕ್ಕೆ ಲಂಚ ಕೊಟ್ಟು ಏಳ್ತೀಯಲ್ಲ! ಇನ್ನೂ ಮೀಸೆ ನೆರ್ತಿಲ್ಲ ನಿಂಗೆ" ಎಂದು ಮುಖಕ್ಕೇ ಹೇಳಿಬಿಡುತ್ತಿದ್ದರು.

ನಾನು ಭೇರ್ಯದ ಕಡೆಯವಳು. ಐವತ್ತರ ದಶಕದ ಮೊದಲಲ್ಲಿ ಹಾರನಹಳ್ಳಿಯ ಈ ಮನೆಗೆ ಕಿರಿಯ ಸೊಸೆಯಾಗಿ ಬಂದೆ. ಮೊದಲ ಬೆಳಗ್ಗೆ ನಾನು ಕಣ್ಣುಜ್ಜಿಕೊಂಡು ಹೊರಗೆ ಬರುವಷ್ಟರಲ್ಲಿ ಅತ್ತೆ ರಾಗಿ ಬೀಸಿ ಮುಗಿಸಿ, ಬಾವಿಯ ನೀರನ್ನು ಕೊಟ್ಟಿಗೆಗೆ ಹೊರುತ್ತಿದ್ದರು. ನಾಚಿಕೆಯಾಗಿ ಕೊಡ ಕಿತ್ತುಕೊಳ್ಳಲು ಹೋದೆ.

"ಬುಡು ಬುಡು. ನಿನ್ ಪಾಲಿನ್ ಗೇಮೆ ನಿಂಗೈತೆ, ನಂದ್ಯಾಕೆ ಕಿತ್ಕತೀಯ? ಗೇಮೆ ಇಲ್ದೆ ಕುಂತ್ರೆ ಈ ಮಯ್ಯಿ ನನ್ ಮಾತ್ ಕೇಳಾಕಿಲ್ಲ ಕಣಮ್ಮಿ."

ಊಟದಲ್ಲೂ ಅದೇ ಹಟ. ಮುದ್ದೆ, ಹುರುಳಿಕಾಳಿನ ಉಪ್ಸಾರು, ಹೊಲದ ಬದುವಿನಿಂದ ತಾವೇ ಚಿವುಟಿ ತಂದ ಸೊಪ್ಪು, ಹುಚ್ಚೆಳ್ಳಿನ ಚಟ್ನಿ, ಕೊನೆಗೆ ಒಂದು ಲೋಟ ಮಜ್ಜಿಗೆ. ಇನ್ನೆರಡು ತುತ್ತಿಗೆ ಜಾಗವಿರುವಾಗಲೇ ಕೈ ತೊಳೆದುಬಿಡುತ್ತಿದ್ದರು. ಹಬ್ಬಕ್ಕೆ ಮಾಡಿದ ಅನ್ನವನ್ನು ಮಾರನೆಯ ದಿನವೂ ಬಡಿಸಿದರೆ ತಟ್ಟೆ ಪಕ್ಕಕ್ಕೆ ಸರಿಸುತ್ತಿದ್ದರು. "ಅನ್ನ ನೆಂಟ ಇದ್ದಂಗೆ ಕಣಮ್ಮಿ. ಬಂದು ಓಯ್ತಾ ಇರ್ಬೇಕು."

ಇಷ್ಟೆಲ್ಲ ಯಾಕೆ ಎಂದು ಒಮ್ಮೆ ಕೇಳಿದ್ದೆ. ನಮ್ಮ ಮಾವ ಸಾಯುವ ಮುಂಚೆ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದರಂತೆ. "ನಾನೇ ಎತ್ತಿ ಇಳುಸ್ತಿದ್ದೆ. ಎತ್ತೋವಾಗೆಲ್ಲ ಅವ್ರು ಮಕ ಆ ಕಡೀಕ್ ತಿರುಗುಸ್ಕಳೋರು. ನನ್ನ ಯಾರೂ ಎತ್ತಬಾರ್ದು ಕಣಮ್ಮಿ. ಸಾಯೋ ದಿನಾನೂ ನಾನೇ ಎದ್ದು ಮಕ ತೊಳೀಬೇಕು. ಅಷ್ಟೇಯ ನಾನ್ ಶಿವನ್ನ ಕೇಳಿರೋದು" ಎಂದರು.

ಶಿವ ಕೊಡುತ್ತಿದ್ದನೋ ಏನೋ, ಮಗ ಬಿಡಲಿಲ್ಲ.

ಅತ್ತೆಯ ದೊಡ್ಡ ಮಗ ಮಹದೇವಪ್ಪ, ನನ್ನ ಭಾವ. ಹೊಗೆಸೊಪ್ಪಿನ ಬೆಳೆ ಕೈ ಹಿಡಿದು ಮನೆಗೆ ಹೆಂಚು ಬಂತು, ಕೆ.ಆರ್. ನಗರದಿಂದ ಗಾಡಿಯಲ್ಲಿ ಅಕ್ಕಿ ಬಂತು. ನಮ್ಮ ಕಡೆ ಮನೆ ಮೇಲೆದ್ದಿದೆ ಎಂದು ತೋರಿಸುವುದಕ್ಕೆ ದಾರಿ ಎರಡೇ. ಹಿರಿಯರು ಕೆಲಸ ಮಾಡಬಾರದು, ಅವರ ತಟ್ಟೆಗೆ ಮುದ್ದೆ ಬೀಳಬಾರದು. ಭಾವನ ಮಗಳನ್ನು ನೋಡಲು ಹುಣಸೂರಿನಿಂದ ವ್ಯಾಪಾರಸ್ಥರ ಮನೆಯವರು ಬಂದಿದ್ದ ದಿನವೇ ಅತ್ತೆ ಹುಲ್ಲಿನ ಹೊರೆ ಹೊತ್ತುಕೊಂಡು ಮುಂಬಾಗಿಲಿಗೆ ಬಂದುಬಿಟ್ಟರು. ಬೀಗರಾಗುವವರು ನಗುತ್ತಲೇ ಅಂದರು: "ಏನ್ ಮಾದೇವಪ್ನೋರೆ, ಇಂಥಾ ಮನೇಲಿ ತಾಯಿ ತಲೆ ಮೇಲೆ ಉಲ್ಲು ಒರುಸ್ತೀರಾ?" ಭಾವನ ಮುಖ ಕಪ್ಪಿಟ್ಟಿತು.

ಮಾರನೆಯ ದಿನವೇ ಬೀಸುವ ಕಲ್ಲು ಹಿತ್ತಿಲಿಗೆ ಹೋಯಿತು. ಹುಣಸೂರಿನಿಂದ ಬೀಟೆ ಮರದ ಕೈಕುರ್ಚಿ ಬಂತು. ಅತ್ತೆ ಗುಡುಗಿದರು. "ನನ್ ಕಯ್ಯಿ ಕಾಲು ಬಿದ್ದೋಗಿಲ್ಲ ಕಣ್ಲಾ, ಒಲಕ್ಕೆ ಓಯ್ತೀನಿ ನಾನು!" ಭಾವ ಅವರ ಕಾಲು ಹಿಡಿದು ಅತ್ತರು. ಅದು ನಾಟಕವಲ್ಲ, ನಿಜವಾದ ಅಳು. "ಅವ್ವಾ, ಗೇದಿದ್ದು ಸಾಕು. ಊರೋರ್ ಮುಂದೆ ನನ್ ಮಾನ ಕಳೀಬ್ಯಾಡ. ಕುಂತ್ಕ, ನಾವು ನೋಡ್ಕತೀವಿ." ಅತ್ತೆ ಕುರ್ಚಿಯಲ್ಲಿ ಕೂತರು. ಬೈದರೆ ಎದುರು ನಿಲ್ಲಬಹುದು, ಹೀಗೆ ಅಳುವ ಮಗನ ಎದುರು ಯಾವ ತಾಯಿ ನಿಂತಾಳು?

ಅಲ್ಲಿಂದ ಮೂರು ಹೊತ್ತೂ ಬಿಳಿ ಅನ್ನ, ತುಪ್ಪ, ನಡುವೆ ಸಕ್ಕರೆ ಸುರಿದ ಕಾಫಿ. ನೀರು ಅವರಿದ್ದಲ್ಲಿಗೇ ಬರುತ್ತಿತ್ತು, ಚೊಂಬು ಎತ್ತಲೂ ಬಿಡುತ್ತಿರಲಿಲ್ಲ. ನಾನು ಕದ್ದು ಮುದ್ದೆ ಕಟ್ಟಿ ಕೊಡುತ್ತಿದ್ದೆ. ಒಂದು ದಿನ ಭಾವನ ಕಣ್ಣಿಗೆ ಬಿತ್ತು. "ನಮ್ಮವ್ವಂಗೆ ಆಳಿನ್ ಊಟ ಇಕ್ತೀಯಾ?" ಎಂದು ತಟ್ಟೆಯನ್ನೇ ಅಂಗಳಕ್ಕೆ ಎಸೆದರು. ನನ್ನ ಗಂಡನಿಗೆ ಹೇಳಿಕೊಂಡರೆ, "ಅಣ್ಣ ಪುಣ್ಯದ್ ಕೆಲ್ಸ ಮಾಡ್ತಾವ್ನೆ. ನೀನ್ ಬಾಯ್ ಮುಚ್ಕಂಡಿರು" ಎಂಬ ಉತ್ತರ ಬಂತು. ಆ ಪುಣ್ಯದ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಅತ್ತೆ ಊದಿಕೊಂಡರು. ಮೊದಲು ಕುರ್ಚಿಯ ಕೈ ಹಿಡಿದು ಏಳತೊಡಗಿದರು, ಆಮೇಲೆ ಗೋಡೆ ಹಿಡಿದು ನಡೆಯತೊಡಗಿದರು. ಭಾವ ಗಾಡಿ ಕಟ್ಟಿಸಿ ಪಿರಿಯಾಪಟ್ಟಣದ ಡಾಕ್ಟರ ಹತ್ತಿರ ಕರೆದೊಯ್ದರು, ಜೊತೆಗೆ ನಾನೂ ಹೋಗಿದ್ದೆ. ಡಾಕ್ಟರು ಕಾಲು ಒತ್ತಿ ನೋಡಿ, "ಕಾಯಿಲೆ ಏನಿಲ್ಲ ಕಣ್ರೀ. ದಿನಾ ಓಡಾಡಿಸಿ, ಕೈಲಾದ ಕೆಲಸ ಮಾಡಲಿ, ರಾಗಿ, ಕಾಳು, ಸೊಪ್ಪು ಕೊಡಿ" ಎಂದರು. ಅತ್ತೆಯ ಮುಖ ಅರಳಿದ್ದನ್ನು ನಾನು ನೋಡಿದೆ. ಭಾವನಿಗೆ ಮಾತ್ರ ಅವಮಾನವಾಯಿತು. "ಡಾಕ್ಟ್ರಂತೆ ಡಾಕ್ಟ್ರು! ರಾಗಿ ತಿನ್ಸು ಅಂತಾನೆ, ನಮ್ಮನ್ನ ಏನ್ ಗತಿಗೆಟ್ಟೋರು ಅಂದ್ಕಂಡವ್ನಾ?" ಎನ್ನುತ್ತ ದುಬಾರಿ ಟಾನಿಕ್ಕಿನ ಬಾಟಲಿ ಕೊಂಡುಕೊಂಡು ಗಾಡಿ ಹತ್ತಿದರು.

ಒಂದು ಮಧ್ಯಾಹ್ನ ಮನೆಯವರೆಲ್ಲ ಹೊಗೆಸೊಪ್ಪಿನ ಕೆಲಸಕ್ಕೆ ಹೋಗಿದ್ದರು. "ನನ್ನ ಇತ್ಲಿಗ್ ಕರ್ಕಂಡೋಗಮ್ಮಿ" ಎಂದರು ಅತ್ತೆ. ನನ್ನ ತೋಳು ಹಿಡಿದು ಹೋಗಿ, ಹಿತ್ತಿಲಲ್ಲಿ ಮಳೆಗೆ ಪಾಚಿ ಕಟ್ಟಿದ್ದ ಬೀಸುವ ಕಲ್ಲಿನ ಮುಂದೆ ಕೂತರು. ಗೂಟ ಹಿಡಿದು ನೋಡಿದರು. ಕಲ್ಲು ಅಲುಗಲಿಲ್ಲ. ಗೂಟ ಬಿಟ್ಟು ಏಳಲು ಹೊರಟರು. ನಾನು ಹತ್ತಿರ ಹೋದೆ.

"ಮುಟ್ಬ್ಯಾಡ."

ಮುಂದಕ್ಕೆ ಬಾಗಿದರು, ಹಳೆಯ ರೀತಿಯಲ್ಲೇ. ಆಗಲಿಲ್ಲ. ಒಂದು ಕೈ ಊರಿದರು. ಆಗಲಿಲ್ಲ. ಎರಡೂ ಕೈ ಊರಿ, ಮಂಡಿ ಮಣ್ಣಿಗೆ ತಾಗಿಸಿ, ಉಸಿರು ಕಟ್ಟಿ ನೋಡಿದರು. ಸೆರಗು ಜಾರಿ ಕೆಸರಿಗೆ ಬಿತ್ತು. ಆಮೇಲೆ ಮಕ್ಕಳ ಹಾಗೆ ಎರಡೂ ತೋಳು ನನ್ನ ಕಡೆ ಚಾಚಿದರು. ನಾನು ಎತ್ತಿದೆ. ಅವರು ಮುಖವನ್ನು ಆ ಕಡೆ ತಿರುಗಿಸಿಕೊಂಡರು.

ಆ ಮಳೆಗಾಲ ಮುಗಿಯುವ ಮುಂಚೆಯೇ ಕುರ್ಚಿಯಲ್ಲೇ ಹೋಗಿಬಿಟ್ಟರು. ಅವತ್ತು ಅವರ ಮುಖ ತೊಳೆಸಿದ್ದು ನಾನು.

ನಮ್ಮವರಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುವುದು. ಸಮಾಧಿಯ ಗೂಡಿನೊಳಗೆ ಅತ್ತೆಯನ್ನು ಕೂರಿಸಿ, ವಿಭೂತಿ ಇಟ್ಟು, ಪತ್ರೆ ಸುರಿದರು. ಭಾವ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ನನ್ನ ಪಕ್ಕದಲ್ಲಿ ನಿಂತಿದ್ದ ಊರಿನ ಹಿರಿಯರೊಬ್ಬರು ಕಣ್ಣೊರೆಸಿಕೊಂಡು ಎಲ್ಲರಿಗೂ ಕೇಳುವ ಹಾಗೆ ಅಂದರು:

"ಮಗ ಅಂದ್ರೆ ಇಂಗಿರ್ಬೇಕು ಕಣ್ರಪ್ಪ. ಕೊನೇಗಂಟ ಅವ್ವನ್ನ ಕುಂತ ಜಾಗ್ದಿಂದ ಏಳಾಕೆ ಬುಡ್ಲಿಲ್ಲ."