ಸೂರ್ಯ ಮುಳುಗಿದಾಗ ಎದ್ದ ಓಣಿ

ಕೈರೋದ ಇಂಬಾಬಾ ಬಡಾವಣೆಯ ಆ ಓಣಿಯಲ್ಲಿ ಬಯ್ಯೂಮಿಯನ್ನು ಬೈಯದ ಮನೆಯಿಲ್ಲ, ಅವನಿಲ್ಲದೆ ರಂಜಾನ್ ಕಳೆದ ಮನೆಯೂ ಇಲ್ಲ. ವರ್ಷವೆಲ್ಲ ಸ್ಟೌ ರಿಪೇರಿ ಮಾಡುತ್ತಿದ್ದವನು ರಂಜಾನ್ ಬಂತೆಂದರೆ ಅಪ್ಪನ ಪುಟ್ಟ ನಗಾರಿ ಹಿಡಿದು ಹೊರಡುತ್ತಿದ್ದ. ಬೆಳಗಿನ ಬಾಂಗಿಗೆ ಮುಂಚೆ ಮನೆಮನೆಯ ಮುಂದೆ ನಿಂತು, ಗಂಡಸರು ಮಕ್ಕಳ ಹೆಸರು ಹಿಡಿದು ಕೂಗಿ, ಉಪವಾಸ ಶುರುವಾಗುವ ಮುಂಚಿನ ಸಹರಿಯ ಊಟಕ್ಕೆ ಎಬ್ಬಿಸುವುದು ಅವನ ಕೆಲಸ.

ಈ ಸಲ ಜನ ಫೋನಿನಲ್ಲೇ ದುಡ್ಡು ಕಳಿಸುತ್ತೇವೆ ಎಂದರು. ಬಯ್ಯೂಮಿ ಆನ್‌ಲೈನ್ ಪಾವತಿ ಕಂಪನಿಯೊಂದರಲ್ಲಿ ಖಾತೆ ತೆರೆದು ತಿಂಗಳ ಹಣವನ್ನು ಮುಂಗಡವಾಗಿಯೇ ತರಿಸಿಕೊಂಡ. ವಾರದೊಳಗೆ, ಹಣ ಒಳಗಿರುವಾಗಲೇ, ಖಾತೆಗೆ ಬೀಗ ಬಿತ್ತು. ಓಣಿಯ ಯಜಮಾನಿಕೆಯನ್ನು ತಾನೇ ಹೊತ್ತುಕೊಂಡಿದ್ದ ಔಷಧಿ ಅಂಗಡಿಯ, ಎಲ್ಲರೂ ಡಾಕ್ಟ್ರೇ ಎನ್ನುವ ಮದ್ಬೂಲಿ ಕಡ್ಡಿ ಮುರಿದಂತೆ ಹೇಳಿದ:

"ಕಂಪನಿಯೋರು ನಿನ್ನ ಹೊರಗೆ ಹಾಕಿದ್ರೆ ಓಣೀನ ಟುಕ್‌ಟುಕ್ ಆಟೋ ಓಡಿಸೋ ಜಗ್ಲೂಲ್‌ಗೆ ಕೊಡ್ತೀವಿ. ಅವನ ಗಾಡೀಲಿ ಮೈಕ್ ಐತೆ."

ಅಪ್ಪ ಬಿಟ್ಟುಹೋದ ಆಸ್ತಿಯೆಂದರೆ ಆ ಓಣಿಯನ್ನು ಎಬ್ಬಿಸುವ ಹಕ್ಕೊಂದೇ. ಬಯ್ಯೂಮಿ ಉಪವಾಸದ ಹೊಟ್ಟೆಯಲ್ಲೇ ಕಂಪನಿಯ ಕಚೇರಿಗೆ ಓಡಿದ. ಅಲ್ಲಿ ಖಾತೆಗಳನ್ನು ನೋಡಿಕೊಳ್ಳುವ ಶಹೀರಾ ಮೇಡಂ ಆಕಳಿಸುತ್ತ ಕೂತಿದ್ದಳು.

"ಹಾಜಿ, ನಿಮ್ಮ ಕಸುಬು ಏನಂತ ಬರ್ದಿದೀರಿ ನೋಡಿ. 'ಕತ್ತಲಲ್ಲಿ ಮನೆಮುಂದೆ ನಿಲ್ತೀನಿ, ಹೆಸರು ಹಿಡಿದು ಕೂಗ್ತೀನಿ, ದೀಪ ಹತ್ತೋತನಕ ಕದಲಲ್ಲ.' ನಮ್ಮ ಕಂಪ್ಯೂಟರು ನಿಮ್ಮನ್ನ ಸಾಲ ವಸೂಲಿಯೋನು ಅಂದ್ಕೊಂಡಿದೆ."

"ನಿಮ್ಮ ಕಂಪ್ಯೂಟರು ಸಹರಿಗೆ ಏಳಲ್ವೇನಮ್ಮಾ?"

"ಅದನ್ನ ನಾನು ಸರಿ ಮಾಡ್ತೀನಿ. ಆದ್ರೆ ಆರು ಜನ ದುಡ್ಡು ವಾಪಸ್ ಕೇಳಿದಾರೆ. ಮದ್ಬೂಲಿ ಅನ್ನೋರು ಮೊದಲ್ನೇವ್ರು. 'ಎಬ್ಬಿಸಲೇ ಇಲ್ಲ, ಮಲಗೇ ಇದ್ದೆ' ಅಂತ."

"ಮಲಗಿದ್ದೋನು ನಾನು ಬರ್ಲಿಲ್ಲ ಅಂತ ಹೆಂಗೆ ಸಾಕ್ಷಿ ಹೇಳ್ತಾನೆ?"

"ಬಂದಿದ್ರಿ ಅಂತ ನಿಮಗೆ ಸಾಕ್ಷಿ ಯಾರು? ಗಿರಾಕಿ ದೂರು ಕೊಟ್ರೆ ಬ್ಯಾಂಕು ಅವನಿಗೆ ದುಡ್ಡು ವಾಪಸ್ ಕೊಡಿಸುತ್ತೆ. ಅಷ್ಟೊತ್ತಿಗೆ ನೀವು ಮುಂಗಡ ತಿಂದು ತೇಗಿರ್ತೀರಿ. ತೆರೋರು ನಾವು. ಅದಕ್ಕೇ ನಿಮ್ಮನ್ನ ಅಪಾಯದ ಪಟ್ಟೀಲಿ ಹಾಕಿದೀವಿ, ನಂಬಿಕೇಲಿ ಕಣಿ ಹೇಳೋರಿಗಿಂತ ಕೆಳಗೆ."

"ಕೆಳಗಾ?"

"ಅವರ ಮೇಲೆ ದೂರು ಕಮ್ಮಿ ಹಾಜಿ."

ಕೊನೆಗೆ ಒಂದು ದಾರಿ ತೋರಿಸಿದಳು. ಎದ್ದವರೆಲ್ಲ ದಿನಾ ಎದ್ದ ಕೂಡಲೇ ಫೋನಿನಲ್ಲಿ 'ಎದ್ದೆ' ಎಂದು ಒತ್ತಬೇಕು. ಹಾಗಾದರೆ ಬೀಗ ತೆಗೆಯುತ್ತಾರೆ.

ಬಯ್ಯೂಮಿ ಓಣಿಗೆ ಬಂದು ಮನೆಮನೆಗೂ ಹೋಗಿ ಕೈಮುಗಿದ. ಜನಕ್ಕೆ ಅಯ್ಯೋ ಅನಿಸಿತು. ಆದರೆ ನಿದ್ದೆಗಣ್ಣಲ್ಲಿ ಫೋನು ಹುಡುಕುತ್ತಾ ಕೂರುವವರು ಯಾರು? ಉಪಕಾರ ಮರೆತುಹೋದೀತೆಂದು ಎಲ್ಲರೂ ಆವತ್ತು ಸಂಜೆಯೇ, ಉಪವಾಸ ಬಿಡುವ ಹೊತ್ತಿಗೆ, ಬಾಯಿಗೆ ಖರ್ಜೂರ ಹಾಕಿಕೊಂಡವರೇ 'ಎದ್ದೆ' ಎಂದು ಒತ್ತಿಬಿಟ್ಟರು.

ಮರುದಿನ ಶಹೀರಾ ಫೋನು ಮಾಡಿದಳು.

"ಹಾಜಿ, ನಿಮ್ಮ ಓಣಿ ಪೂರ್ತಿ ಸೂರ್ಯ ಮುಳುಗಿದ ಮೇಲೆ ಒಂದೇ ನಿಮಿಷದಲ್ಲಿ ನಿದ್ದೆಯಿಂದ ಎದ್ದಿದೆ. ಇದು ಸಂಘಟಿತ ಮೋಸ ಅಂತ ಖಾತೇನ ಕಾಯಂ ಮುಚ್ಚಿದಾರೆ. ನನ್ನ ಕೈಲಿ ಏನೂ ಇಲ್ಲ."

ಮುಂಗಡವೆಲ್ಲ ಗಿರಾಕಿಗಳಿಗೆ ವಾಪಸಾಯಿತು. ಮದ್ಬೂಲಿ ಓಣಿಯನ್ನು ಜಗ್ಲೂಲ್‌ಗೆ ಒಪ್ಪಿಸಿದ.

ಜಗ್ಲೂಲ್ ಮೈಕಿನಲ್ಲಿ "ಏಳಿ, ಏಳಿ" ಎಂದು ಅರಚಿಕೊಂಡು ಹೋದ. ಹೆಸರಿಲ್ಲದ ಕೂಗು ಅದು. ಪಕ್ಕದ ಮನೆಯವನಿಗಿರಬೇಕು ಅಂದುಕೊಂಡು ಪ್ರತಿಯೊಬ್ಬನೂ ಮಗ್ಗುಲು ಬದಲಿಸಿದ. ಒಂದು ಹನಿ ನೀರೂ ಕುಡಿಯದೆ ಇಡೀ ಓಣಿಗೆ ಬೆಳಗಾಯಿತು. ಮಧ್ಯಾಹ್ನದ ಬಿಸಿಲಿಗೆ ಜನ ಒಣಗಿದ ನಾಲಿಗೆಯಲ್ಲೇ ಮದ್ಬೂಲಿಯ ಜನ್ಮ ಜಾಲಾಡಿದರು.

ಸಂಜೆ ಮದ್ಬೂಲಿ ನೋಟು ಹಿಡಿದು ಬಯ್ಯೂಮಿಯ ಅಂಗಡಿಗೆ ಬಂದ.

"ತಗೋ ಮಾರಾಯ, ಉಳಿದ ದಿನಗಳ ಮುಂಗಡ. ಓಣಿ ನಿಂದೇ."

"ಓಣಿ ತಗೋತೀನಿ, ಮುಂಗಡ ಮುಟ್ಟಲ್ಲ. ನಾನು ಕೂಗಿ ಎದ್ದೋರು ಹಬ್ಬದ ದಿನ ಕೊಡ್ಲಿ," ಎಂದ ಬಯ್ಯೂಮಿ, ಬರ್ನರ್ ಉಜ್ಜುತ್ತಲೇ. "ಆದ್ರೆ ಡಾಕ್ಟ್ರೇ, ನಿಮ್ಮ ಹೆಸರು ಮಾತ್ರ ಕೂಗಲ್ಲ. ನೀವು ಅಪಾಯದ ಗಿರಾಕಿ."

"ಹಾಗಾದ್ರೆ ನಾನು ಏಳೋದು ಹೆಂಗೋ?"

"ನಿಮ್ಮ ಮಗನ ಹೆಸರು ಕೂಗ್ತೀನಿ. ಅವನೆದ್ದು ನಿಮ್ಮನ್ನ ಎಬ್ಬಿಸ್ಲಿ. ದೂರು ಇದ್ರೆ ಅವನ ಮೇಲೆ ಕೊಡಿ."