ಕನ್ನಡಿಯೊಳಗೆ ಬಂದ ಗಾಡಿ

ಅಕ್ಕಲಕೋಟದಲ್ಲಿ ಮಕ್ಕಳ ಕೈಗೆ ಇನ್ನೂ ಮೊಬೈಲ್ ಬಂದಿರದ ದಿನಗಳವು. ಸಾಲಿಗೆ ರಜೆ ಬಿಟ್ಟ ಮರುದಿನವೇ ನಾನು ಸೊಲ್ಲಾಪುರದಿಂದ ಕಾಕಾನ ಮನೆಗೆ ಬಂದುಬಿಡುತ್ತಿದ್ದೆ. ಮಾಳಿಗೆಯ ಮೇಲೆ ಸಂಡಿಗೆ ಒಣಗುತ್ತಿರುತ್ತಿದ್ದವು. ಮಧ್ಯಾಹ್ನ ಮಾವಿನಹಣ್ಣಿನ ಶೀಕರಣಿ. ಓಣಿಯ ಆ ತುದಿಯಲ್ಲಿದ್ದ, ಕಾಳಿನ ಅಡತಿ ವ್ಯಾಪಾರದ ಸಾವುಕಾರರ ಗೋದಾಮಿನಿಂದ ಗಾಳಿ ಬೀಸಿದರೆ ಮನೆಯೆಲ್ಲ ತೊಗರಿಯ ವಾಸನೆ.

ಕಾಕಾನ ಮಗಳು ವೈಶಾಲಿ ನನಗಿಂತ ಸ್ವಲ್ಪ ದೊಡ್ಡವಳು. ಕುಂಟಾಬಿಲ್ಲೆಯಲ್ಲಿ ಓಣಿಯ ಗಂಡುಹುಡುಗರೂ ಅವಳಿಗೆ ಸೋಲುತ್ತಿದ್ದರು. ಆ ವರ್ಷ ಕಾಕಾ ಸಣ್ಣದೊಂದು ಡಿಜಿಟಲ್ ಕ್ಯಾಮೆರಾ ತಂದಿದ್ದ. "ಕೆಡಿಸಿದ್ರ ಇಬ್ಬರನ್ನೂ ಬಿಸಲಾಗ ಸಂಡಿಗಿ ಕಾಯಾಕ ಕೂಡಸ್ತೀನಿ" ಎಂದು ಹೆದರಿಸಿಯೇ ನಮ್ಮ ಕೈಗೆ ಕೊಟ್ಟ.

ನಮಗೆ ಮೊದಲು ಸಿಕ್ಕದ್ದು ವೈಶಾಲಿಯ ಅವ್ವ, ನನ್ನ ಕಾಕುವಿನ ಕನ್ನಡಿ. ಅದರ ಗಾಜಿನ ಮೇಲೆ ಕಾಕು ಹಣೆಯಿಂದ ತೆಗೆದು ಅಂಟಿಸಿಟ್ಟ ಕೆಂಪು ಟಿಕಳಿ ಇತ್ತು. ಬಟನ್ ಅರ್ಧ ಒತ್ತಿ ಟಿಕಳಿಗೆ ಗುರಿಯಿಟ್ಟರೆ ಟಿಕಳಿ ಸ್ಪಷ್ಟ, ನಮ್ಮ ಮುಖ ಮಸುಕು. ಮುಖಕ್ಕೆ ಗುರಿಯಿಟ್ಟರೆ ಟಿಕಳಿ ಕುಂಕುಮ ಕಲಸಿದಂತೆ ಹರಡಿಕೊಳ್ಳುತ್ತಿತ್ತು.

"ಎರಡೂ ಒಂದ ಕನ್ನಡಿ ಮ್ಯಾಲ ಅದಾವಲ್ಲ, ಹಿಂಗ್ಯಾಕ?" ಎಂದೆ.

"ಏ ಹುಚ್ಚಿ, ಟಿಕಳಿ ಮ್ಯಾಲ ಅದ. ನಾವು ಕನ್ನಡಿ ಹಿಂದ ಅದೀವಿ. ಇಲ್ಲಿ ಎಷ್ಟು ದೂರ ನಿಂತೀವೋ ಅಲ್ಲೂ ಅಷ್ಟ ದೂರ."

"ಹಿಂದ ಗ್ವಾಡಿ ಅದಲ್ಲ?"

"ಗ್ವಾಡಿ ಒಳಗ ಅದೀವಿ, ತಗೋ!"

ಆ 'ಹಿಂದೆ' ಎಷ್ಟು ದೂರ ಹೋಗುತ್ತದೆಂದು ನೋಡಲು ಕನ್ನಡಿಯನ್ನು ಹೊರಗೆ ತಂದೆವು. ಕಾಕಾನ ಮನೆ ಓಣಿಯ ಕೊನೆಗೆ, ಓಣಿಗೇ ಮುಖ ಮಾಡಿತ್ತು. ಕನ್ನಡಿಯನ್ನು ಕಟ್ಟೆಗೆ ಒರಗಿಸಿ, ಓಣಿಗೆ ಬೆನ್ನು ಮಾಡಿ ನಾನು ಕ್ಯಾಮೆರಾ ಹಿಡಿದು ಕೂತೆ. ವೈಶಾಲಿ ನನ್ನ ಹಿಂದೆ ಓಣಿಯಲ್ಲಿ ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯುತ್ತ ಹೋದಳು. ಕ್ಯಾಮೆರಾದ ಪರದೆಯಲ್ಲಿ ಕನ್ನಡಿಯೊಳಗಿನ ವೈಶಾಲಿ ಸಣ್ಣಗಾಗುತ್ತ ಹೋದಳು. ಅವಳಿಗೆ ಗುರಿಯಿಟ್ಟು ಬಟನ್ ಒತ್ತಿದೆ. ಆಗಲೇ ಅವಳ ಹಿಂದೆ ಬಿಳಿ ಜೀಪು ಕಂಡದ್ದು.

ಅದು ನಿಧಾನವಾಗಲಿಲ್ಲ. ಇನ್ನಷ್ಟು ಜೋರಾಯಿತು. "ಗಾಡಿ!" ಎಂದು ಚೀರಿ ತಿರುಗಿದೆ. ವೈಶಾಲಿ ಪಕ್ಕಕ್ಕೆ ಜಿಗಿದಳು. ಎಡಗಾಲು ಮಾತ್ರ ಗಾಲಿಯ ಕೆಳಗೆ ಉಳಿಯಿತು. ಜೀಪಿನ ಬಲಬಾಗಿಲಿನಿಂದ ಇಳಿದವನು ಸಾವುಕಾರರ ಮಗ ಪ್ರಶಾಂತ. ಎಡಬಾಗಿಲಿನಿಂದ ಇಳಿದವನು ಅವರ ಡ್ರೈವರ್ ಮಲ್ಲಪ್ಪ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ವೈಶಾಲಿ ಇನ್ನೂ ಆಸ್ಪತ್ರೆಯಲ್ಲಿರುವಾಗಲೇ ಸಾವುಕಾರರು ಮಗನನ್ನೂ ಮಲ್ಲಪ್ಪನನ್ನೂ ಕರೆದುಕೊಂಡು ಕಾಕಾನ ಪಡಸಾಲೆಗೆ ಬಂದರು. ಸೊಲ್ಲಾಪುರದಿಂದ ಅಪ್ಪನೂ ಬಂದಿದ್ದ.

"ಹುಡುಗ ಬಾಜೂಕ ಸುಮ್ನ ಕುಂತಿದ್ದ, ರಾವಸಾಹೇಬ್ರ. ಗಾಡಿ ಹೊಡಿಯಾಂವ ಮಲ್ಲಪ್ಪ. ಪೊಲೀಸರ ಕಡಿ ಅವನ ಹೆಸರಲೇ ಬರಸಿ ಮುಗಸೂಣ," ಎಂದು ಸಾವುಕಾರರು ಕಾಕಾನಿಗೆ ಹೇಳಿದರು.

ಕಾಕಾ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ ತಂದ ಫೋಟೋ ಮುಂದಿಟ್ಟ. ಜೀಪಿನ ಗಾಜಿನ ಹಿಂದೆ ಇಬ್ಬರೂ ಕಾಣುತ್ತಿದ್ದರು. ಬಿಸಿಲಿನ ಹೊಳಪಿಗೆ ಸ್ಟೇರಿಂಗ್ ಮಾತ್ರ ಮುಚ್ಚಿಹೋಗಿತ್ತು. ಸಾವುಕಾರರು ನೋಡಿ ನಕ್ಕರು.

"ಸ್ಟೇರಿಂಗ್ ಕಡಿ ಯಾರದಾರ, ನೀವ ಹೇಳ್ರಿ. ಮಲ್ಲಪ್ಪ. ನೀವ ತಂದ ಪುರಾವೆ ಇದು."

ಎಲ್ಲರೂ ಬಾಗಿ ನೋಡಿದರು. ಹೌದು, ಮಲ್ಲಪ್ಪನೇ. ಕಾಕಾನ ಮುಖ ಬಾಡಿತು.

"ಅದು ಕನ್ನಡಿಯಾಗ ತಗದದ್ದು! ಎಡಾ ಬಲಾ ಉಲ್ಟಾ ಆಗ್ಯದ!" ಎಂದೆ ಅಳುತ್ತ.

"ಪೋರಿ ಏನರೆ ಬಡಬಡಸ್ತದ. ಒಳಗ ಕಳಸ್ರಿ."

ಪ್ರಶಾಂತ ನನ್ನ ಕಡೆ ನೋಡಿ ತುಟಿಯಂಚಿನಲ್ಲಿ ನಕ್ಕ. ಅದನ್ನು ನೋಡಿದ ಮೇಲೆ ನನ್ನ ಅಳು ನಿಂತಿತು. ಇವನನ್ನು ಬಿಡಬಾರದು ಅನ್ನಿಸಿತು. ಫೋಟೋ ಕೈಗೆತ್ತಿಕೊಂಡು ನೋಡಿದೆ. ಮಲ್ಲಪ್ಪನ ಅಂಗಿಯ ಕಿಸೆಯಿಂದ ತಲೆ ಬಾಚುವ ಕೆಂಪು ಹಣಿಗೆ ಇಣುಕುತ್ತಿತ್ತು.

"ಮಲ್ಲಪ್ಪ ಮಾಮಾ, ನಿಮ್ಮ ಅಂಗಿಗೆ ಕಿಸೆ ಯಾವ ಕಡಿ ಅದರಿ?"

ಅವನು ಎಡ ಎದೆಯ ಮೇಲೆ ಕೈಯಿಟ್ಟ.

"ಫೋಟೋದಾಗ ಯಾವ ಕಡಿ ಅದ?"

ಪಡಸಾಲೆಯಲ್ಲಿದ್ದ ಗಂಡಸರ ಕೈಗಳೆಲ್ಲ ತಮ್ಮ ತಮ್ಮ ಎದೆಗೆ ಹೋದವು. ಫೋಟೋದಲ್ಲಿ ಮಲ್ಲಪ್ಪನ ಕಿಸೆ ಬಲ ಎದೆಯ ಮೇಲಿತ್ತು.

"ಹುಡುಗಿನ ಒಳಗ ಕಳಸ್ರಿ ಅಂದೆ," ಎಂದರು ಸಾವುಕಾರರು.

ಯಾರಿಗೂ ಎದುರಾಡದ ನನ್ನಪ್ಪ, "ಆಕಿ ಇಲ್ಲೇ ಇರ್ತಾಳ್ರಿ," ಎಂದ.

ಮಲ್ಲಪ್ಪ ನೆಲ ನೋಡುತ್ತ ಬಾಯಿಬಿಟ್ಟ. "ಸಣ್ಣ ಸಾವುಕಾರ್ರ ಹೊಡಿಯಾಕತ್ತಿದ್ರು. ಬ್ಯಾಡರಿ ಅಂದೆ. ಪೋರಿನ ಹ್ಯಾಂಗ ಅಂಜಸ್ತೀನಿ ನೋಡು ಅಂದ್ರು."

ಪ್ರಶಾಂತನ ಮುಖದ ಬಣ್ಣ ಇಳಿದದ್ದನ್ನು ನಾನು ಕಣ್ಣು ಮಿಟುಕಿಸದೆ ನೋಡಿದೆ. ಶೀಕರಣಿಯೂ ಅಷ್ಟು ಸಿಹಿ ಅನಿಸಿರಲಿಲ್ಲ.

ಪೊಲೀಸರು ಅವನ ಹೆಸರನ್ನೇ ಬರೆದುಕೊಂಡರು. ವರ್ಷಗಟ್ಟಲೆ ಕೋರ್ಟಿಗೆ ಅಲೆದು ಕೊನೆಗೆ ದಂಡ ಕಟ್ಟಿ ಪಾರಾದ. ನನಗೆ ಅದು ಸಾಲಲಿಲ್ಲ. ಈಗ ಕಾಲೇಜು ಮುಗಿಸಿ ಸೊಲ್ಲಾಪುರದಲ್ಲೇ ನೌಕರಿ ಮಾಡುತ್ತಿದ್ದೇನೆ. ಹಿಂದೆ ಗಾಡಿ ಸದ್ದಾದರೆ ಇವತ್ತಿಗೂ ಗೋಡೆಗೆ ಬೆನ್ನು ಹಚ್ಚಿ ನಿಲ್ಲುತ್ತೇನೆ. ಕಣ್ಣು ಮುಚ್ಚಿದರೆ ಆ ಜೀಪು ಬರುತ್ತದೆ. ಒಮ್ಮೆಯೂ ನಿಧಾನವಾಗುವುದಿಲ್ಲ.

ಈಚೆಗೆ ನಾನು ಕಾಕಾನ ಮನೆಯಲ್ಲಿದ್ದಾಗ ಪ್ರಶಾಂತನೇ ಬಂದ. ಅವನ ಮದುವೆಗೆ ಹೆಣ್ಣು ಗೊತ್ತಾಗುವುದರಲ್ಲಿತ್ತು.

"ಆ ಫೋಟೋ ಇನ್ನೂ ಇಟ್ಟೀರಂತಲ್ರಿ ತಂಗಿ. ಹೆಣ್ಣಿನ ಕಡಿಯವರು ಓಣ್ಯಾಗ ಕೇಳಾಕತ್ತಾರ. ಈಗರೆ ಅಳಿಸಿಬಿಡ್ರಿ."

ವೈಶಾಲಿ ಎಡಗಾಲು ಎಳೆಯುತ್ತ ಚಹಾ ತಂದಿಟ್ಟು ನನ್ನ ಕಡೆ ತಿರುಗಿದಳು. "ಅಳಿಸಿಬಿಡ ಸುಜಾ. ಅದನ್ನ ಇಟ್ಕೊಂಡು ನಾ ಏನ್ ಮಾಡ್ಲಿ?"

"ಅಳಸಂಗಿಲ್ಲ," ಎಂದೆ. ಅವನು ಚಹಾ ಮುಟ್ಟದೆ ಎದ್ದುಹೋದ.

ಅವನು ಹೋದ ಮೇಲೆ ಮೊಬೈಲಿನಲ್ಲಿ ಫೋಟೋ ತೆರೆದೆ. ಯಾವಾಗಲೂ ಅವನ ಮುಖವನ್ನಷ್ಟೇ ದೊಡ್ಡದು ಮಾಡಿ ನೋಡುವುದು ನನಗೆ ರೂಢಿ. ಅಂದು ಇಡೀ ಫೋಟೋ ನೋಡಿದೆ. ಒಂದು ಅಂಚಿನಲ್ಲಿ ವೈಶಾಲಿ. ಹಿಂದಕ್ಕೆ ಇಡಲೆಂದು ಒಂದು ಕಾಲು ಎತ್ತಿದ್ದಾಳೆ, ಬಾಯ್ತುಂಬ ನಗುತ್ತಿದ್ದಾಳೆ. ಅವನಿಗಿಂತ ಅವಳೇ ಸ್ಪಷ್ಟ. ಇಷ್ಟು ವರ್ಷ ಅವನನ್ನು ನೋಡುತ್ತ ನಾನು ಅವಳನ್ನು ನೋಡಿರಲೇ ಇಲ್ಲ. ಆಮೇಲೆ ಅವಳು ಹಾಗೆ ನಕ್ಕದ್ದೂ ಇಲ್ಲ.

ಅವನನ್ನು ಕತ್ತರಿಸಿ ಅವಳನ್ನಷ್ಟೇ ಉಳಿಸಿಕೊಳ್ಳಬಹುದಿತ್ತು. ಉಳಿಸಿಕೊಳ್ಳಲಿಲ್ಲ. ಆ ನಗೆಯ ಬೆನ್ನಿಗೆ ಬರುತ್ತಿದ್ದವನು ಯಾರೆಂದು, ಅದನ್ನು ನೋಡಿದವರಿಗೆಲ್ಲ ತಿಳಿಯಬೇಕು.