ಮೂರನೆಯ ಹಾಳೆಯ ‘ನಮ್ಮ ಕಂಪನಿ’

ವಾಕುಯಿ ತೇಯ್ಜೋ ಮೂವತ್ತೇಳು ವರ್ಷ ಕರೆಂಟಿನ ಕೆಲಸ ಮಾಡಿದ. ಅಷ್ಟರಲ್ಲಿ ಅವನ ಕೋಟಿನ ಬಿಲ್ಲೆ ಎರಡು ಸಲ ಬದಲಾಯಿತು. ಹದಿನೈದನೇ ವಯಸ್ಸಿಗೆ ಸೇರಿದಾಗ ಅದು ಊರಿನ ಸಾಹುಕಾರನೊಬ್ಬ ಹೊಳೆ ನೀರಿಗೆ ಯಂತ್ರ ಕೂರಿಸಿ ನಡೆಸುತ್ತಿದ್ದ ಪುಟ್ಟ ಕಂಪನಿ. ಯುದ್ಧ ಬಂತು, ಸರ್ಕಾರ ಇಂಥವನ್ನೆಲ್ಲ ಬಾಚಿ ಬುಟ್ಟಿಗೆ ಹಾಕಿಕೊಂಡಿತು. ಯುದ್ಧ ಮುಗಿದು ಆರು ವರ್ಷಕ್ಕೆ ದೇಶವನ್ನು ಒಂಬತ್ತು ಪಾಲು ಮಾಡಿ ಮತ್ತೆ ಖಾಸಗಿಯವರ ಕೈಗೆ ಕೊಟ್ಟರು. ಅದಕ್ಕಾಗಿ ತೋಕ್ಯೋದಲ್ಲಿ ದೊಡ್ಡವರು ಮೇಜು ಗುದ್ದಿ ಜಗಳವಾಡಿದರಂತೆ. ಗುದ್ದಿಕೊಳ್ಳಲಿ ಪಾಪ, ಮೇಜು ಅವರದೇ. ಕಂಬ ಹತ್ತುವವನ ಪಾಲಿಗೆ ಅದು ಅಳಿಯ ಅಲ್ಲ, ಮಗಳ ಗಂಡ. ಅದೇ ಕಂಬ, ಅದೇ ತಂತಿ, ಅದೇ ಮಳೆ.

ಕಂಬ ಹತ್ತುವುದನ್ನು ಅವನಿಗೆ ಕಲಿಸಿದವನು ಇಸೊನೊ ಕಾಮೇಜಿ, ಲೈನಿನ ಮೇಸ್ತ್ರಿ. ಹೊಸ ಬಿಲ್ಲೆ ಬಂದ ಎರಡನೇ ವರ್ಷ, ಚಂಡಮಾರುತ ಹಾದುಹೋದ ಮರುದಿನ, ಕಾಮೇಜಿ ಕಂಬದ ಮೇಲೆಯೇ ಸತ್ತ. ಕೆಳಗೆ ಹಗ್ಗ ಹಿಡಿದು ನಿಂತಿದ್ದವನು ತೇಯ್ಜೋ. ಆಮೇಲೆ ಅವನ ಕಾಲು ಕಂಬಕ್ಕೆ ಏರಲಿಲ್ಲ. ಕಂಪನಿ ಅವನನ್ನು ಶಾಖೆಯ ಆಫೀಸಿನಲ್ಲಿ ಕೂರಿಸಿತು. ಕಾಮೇಜಿಯ ಹೆಂಡತಿ ಫುಕಿ ಬಂದರಿನ ಹಿಂದಿನ ಬೀದಿಯಲ್ಲಿ, ಸೋಯಾ ಕಾಳು ರುಬ್ಬಿ ಮಾಡುವ ತೋಫುವಿನ ಅಂಗಡಿ ಇಟ್ಟಳು. ಇಪ್ಪತ್ತೊಂದು ವರ್ಷ ಪ್ರತಿ ಬೆಳಿಗ್ಗೆ ತೇಯ್ಜೋ ಮನೆಯಿಂದ ಪಾತ್ರೆ ತಂದು ಅಲ್ಲೇ ತೋಫು ಕೊಂಡ, ಅವಳನ್ನು ಅತ್ತಿಗೆ ಎಂದೇ ಕರೆದ.

ಆ ಇಪ್ಪತ್ತೊಂದನೆಯ ವರ್ಷ, ಕರೆಂಟು ತೆಗೆಯಲು ಉರಿಸುವ ಎಣ್ಣೆಯ ಬೆಲೆ ನಾಲ್ಕು ಪಟ್ಟಾಯಿತು. ಕಂಪನಿ ಕರೆಂಟಿನ ದರವನ್ನು ಅರ್ಧಕ್ಕಿಂತ ಹೆಚ್ಚು ಏರಿಸಲು ಹೊರಟಿತು. ಆದರೆ ಸರ್ಕಾರದ ಸಚಿವಾಲಯದ ಅಪ್ಪಣೆಯಿಲ್ಲದೆ ಏರಿಸುವ ಹಾಗಿಲ್ಲ, ಅಪ್ಪಣೆಗೆ ಮೊದಲು ಜನರ ಅಹವಾಲು ಸಭೆ ನಡೆಯಬೇಕು. ಪ್ರತಿ ಹೊಸವರ್ಷದ ಭಾಷಣದಲ್ಲೂ ಶಾಖೆಯ ದೊಡ್ಡ ಸಾಹೇಬರು, “ನಾವು ಖಾಸಗಿಯವರು, ಸರ್ಕಾರದ ಬಾಲ ಹಿಡಿಯೋರಲ್ಲ” ಎಂದು ಎದೆ ತಟ್ಟಿಕೊಳ್ಳುತ್ತಿದ್ದರು. ಈಗ ಅವರೇ ಸಚಿವಾಲಯದ ಗುಮಾಸ್ತನೊಬ್ಬ ಬಂದರೆ ಮೆಟ್ಟಿಲವರೆಗೂ ಓಡಿಬರುತ್ತಿದ್ದರು.

ತೇಯ್ಜೋನ ವಿಭಾಗದ ಮುಖ್ಯಸ್ಥ ಓಬಾತಾ ಅವನಿಗಿಂತ ಹದಿನಾಲ್ಕು ವರ್ಷ ಚಿಕ್ಕವನು. ಒಂದು ದಿನ ಅವನನ್ನು ಕರೆದು ಬಾಗಿಲು ಹಾಕಿದ.

“ವಾಕುಯಿ-ಸಾನ್, ಸಭೇಲಿ ನಮ್ಮ ಪರವಾಗಿ ಮಾತಾಡೋಕೆ ಒಬ್ರು ಸಾಮಾನ್ಯ ನಾಗರಿಕರು ಬೇಕು. ಹೆಂಗಸಾದ್ರೆ ಒಳ್ಳೇದು. ಅಂಗಡಿ ಇಟ್ಕೊಂಡೋರಾದ್ರೆ ಇನ್ನೂ ಒಳ್ಳೇದು. ನಿಮಗೆ ಊರೆಲ್ಲ ಗೊತ್ತಲ್ಲ.”

ಹೀಗೆ ಜನರ ನಡುವೆ ಕೂರಿಸುವ ಬಾಡಿಗೆ ಬಾಯಿಗೆ ನಮ್ಮಲ್ಲಿ ‘ಸಕುರಾ’ ಅನ್ನುತ್ತಾರೆ. ಚೆರ್ರಿ ಹೂವಿನ ಹೆಸರೇ. ಕೆಲಸ ಮಾತ್ರ ಹೂವಿನದಲ್ಲ.

ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ಆಗುವುದಿಲ್ಲ ಎನ್ನುವ ಮಾತು ಅವನ ನಾಲಿಗೆಯ ತುದಿಗೂ ಬರಲಿಲ್ಲ. ಮರುದಿನ ಬೆಳಿಗ್ಗೆ ಅತ್ತಿಗೆಯ ಅಂಗಡಿಗೆ ಹೋಗಿ ವಿಷಯ ಹೇಳಿದ. ಫುಕಿ ನೀರಿನ ತೊಟ್ಟಿಯಿಂದ ಕೈ ತೆಗೆದು ಗಟ್ಟಿಯಾಗಿ ನಕ್ಕಳು.

“ನನ್ನ ಬಿಲ್ ಜಾಸ್ತಿ ಮಾಡಿ ಅಂತ ನಾನೇ ಹೋಗಿ ಕೇಳ್ಬೇಕಾ? ಚೆನ್ನಾಗಿದೆ ಕಣೋ ತೇಯ್! ಕೋಳಿನ ಕೇಳಿ ಮಸಾಲೆ ಅರೀತಾರಾ?”

“ಅತ್ತಿಗೆ, ನಂಗೆ ಬೇರೆ ಯಾರೂ ಇಲ್ಲ.”

“ಬೀದಿ ಹೆಂಗಸರೆಲ್ಲ ಮಹಿಳಾ ಸಂಘದಲ್ಲಿದಾರೆ. ದರ ಏರಿಸಬೇಡಿ ಅಂತ ಬರೆದ ಪಟ್ಟಿ ಹೆಗಲಿಗೆ ಕಟ್ಕೊಂಡು ತಿರುಗ್ತಿದಾರೆ. ನಾಳೆ ಅವರ ಮುಖ ಹೇಗೆ ನೋಡ್ಲಿ? ನನ್ನ ತೋಫು ತಿನ್ನೋರು ಅವರೇ ಅಲ್ವಾ?”

ತೇಯ್ಜೋ ಒದ್ದೆ ನೆಲದ ಮೇಲೆ ಮಂಡಿಯೂರಿ ಹಣೆ ಹಚ್ಚಿದ. ಫುಕಿಯ ನಗು ನಿಂತಿತು.

“ಏಳು, ಏಳು. ಪ್ಯಾಂಟು ನೆನೆಯುತ್ತೆ. ಯಜಮಾನರು ಹೋದಾಗ ನೀನೇ ತಾನೇ ಹೊತ್ಕೊಂಡು ಮನೆಗೆ ತಂದದ್ದು... ಯಾವತ್ತು ಸಭೆ?”

ಅವಳು ಓದಬೇಕಾದ ಮಾತು ಮುಖ್ಯ ಕಚೇರಿಯಿಂದ ತಯಾರಾಗಿಯೇ ಬಂದಿತ್ತು, ಮೂರು ಹಾಳೆ. ಅದರಲ್ಲಿ ಹೆಜ್ಜೆಗೊಂದು ‘ನಮ್ಮ ಕಂಪನಿ’. ನಾಗರಿಕಳ ಬಾಯಲ್ಲಿ ಅದು ‘ವಿದ್ಯುತ್ ಕಂಪನಿ’ ಆಗಬೇಕು. ತೇಯ್ಜೋ ಒಂದೊಂದನ್ನೂ ಹುಡುಕಿ ತಿದ್ದಿದ. ಫುಕಿ ಓದಿದ್ದು ಕಡಿಮೆ ಎಂದು ದಪ್ಪ ಅಕ್ಷರದಲ್ಲಿ ನಕಲು ಮಾಡಿ, ಕಷ್ಟದ ಪದಗಳ ಪಕ್ಕದಲ್ಲಿ ಉಚ್ಚಾರವನ್ನೂ ಬರೆದುಕೊಟ್ಟ. ಅಷ್ಟು ಮುತುವರ್ಜಿಯ ಮನುಷ್ಯ ಮೂರನೆಯ ಹಾಳೆಯಲ್ಲಿ ಒಂದನ್ನು ಬಿಟ್ಟುಬಿಟ್ಟ!

ಸಭೆಯ ದಿನ ಸಭಾಂಗಣ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಮಹಿಳಾ ಸಂಘದವರು ಬಿಳಿ ಅಡುಗೆ ಅಂಗಿ ತೊಟ್ಟು ಕೂತಿದ್ದರು. ಅವರ ಮುಖ್ಯಸ್ಥೆ ಹಿರುಕಾವಾ ಮಸಾಎ, ಔಷಧಿ ಅಂಗಡಿಯವಳು, ನೇರ ಮಾತಿನ ಹೆಂಗಸು. ಕಂಪನಿಯವರು ಬಿಲ್ಲೆ ಕಿತ್ತು ಜೇಬಿಗೆ ಹಾಕಿಕೊಂಡು ಅಲ್ಲೊಬ್ಬ ಇಲ್ಲೊಬ್ಬ ಕೂತಿದ್ದರು. ತೇಯ್ಜೋ ಆರನೆಯ ಸಾಲಿನಲ್ಲಿದ್ದ.

ಫುಕಿ ತನ್ನ ಒಂದೇ ಒಂದು ಒಳ್ಳೆಯ ಕಿಮೋನೊ ಉಟ್ಟು ಬಂದಿದ್ದಳು. ಬೆರಳಿಟ್ಟು ಒಂದೊಂದೇ ಪದ ಓದಿದಳು. ಮೊದಲ ಹಾಳೆ ಮುಗಿಯಿತು, ಎರಡನೆಯದೂ ಮುಗಿಯಿತು. ಮೂರನೆಯದರಲ್ಲಿ, “ಇಂಥ ಕಷ್ಟದಲ್ಲೂ ಬೆಳಕು ಆರದಂತೆ ನಮ್ಮ ಕಂಪನಿ ಶ್ರಮಿಸುತ್ತಿರುವುದರಿಂದ” ಎಂದು ಓದಿ, ತಾನೇ ತಡೆದಳು.

ಸಭೆ ಗೊಳ್ಳೆಂದಿತು.

“ಸಕುರಾ!” ಎಂದು ಹಿರುಕಾವಾ ಎದ್ದು ನಿಂತು ಕೂಗಿದಳು. “ಅದು ಸಕುರಾ! ಬರೆದುಕೊಟ್ಟೋರು ಯಾರು, ಕೇಳಿ ಅಧ್ಯಕ್ಷರೇ!”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುತ್ತಾರಲ್ಲ, ಕಂಪನಿಯವರ ಕೈಗಳೆಲ್ಲ ಬಿಲ್ಲೆಯಿಲ್ಲದ ಕೋಟಿನ ಮೇಲೆ ಹೋದವು. ಅಧ್ಯಕ್ಷ ಪೀಠದ ಅಧಿಕಾರಿ ಫುಕಿಯನ್ನು ಕೇಳಿದರು: “ತಾವು ಕಂಪನಿಯ ನೌಕರರೇ?”

ತೇಯ್ಜೋ ಎದ್ದು ನಿಂತು, ಬರೆದವನು ನಾನು, ಆ ತಾಯಿಯನ್ನು ಬಿಡಿ ಎನ್ನಲು ಎಷ್ಟು ಹೊತ್ತು ಬೇಕು? ಫುಕಿಯ ಕಣ್ಣು ಸಾಲುಸಾಲಾಗಿ ಅವನನ್ನೇ ಹುಡುಕುತ್ತಾ ಬಂತು. ತೇಯ್ಜೋ ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳತೊಡಗಿದ. ದಾರ ಸಡಿಲವಾಗಿಯೇನೂ ಇರಲಿಲ್ಲ. ಕುರ್ಚಿಯ ಕೆಳಗಿನಿಂದಲೇ ಅವನಿಗೆ ಅವಳ ದನಿ ಕೇಳಿಸಿತು.

“ನೌಕರಳಲ್ಲ, ಸ್ವಾಮಿ. ನನ್ನ ಯಜಮಾನರು ಈ ಕಂಪನಿಯ ಕಂಬದ ಮೇಲೆ ಸತ್ತರು. ಅದಕ್ಕೇ ಬಾಯಿಗೆ ‘ನಮ್ಮ’ ಅಂತ ಬಂದುಬಿಡುತ್ತೆ. ತಪ್ಪಾಗಿದ್ರೆ ಕ್ಷಮಿಸಿ.”

ನಗು ಅಲ್ಲೇ ಸತ್ತುಹೋಯಿತು. ಹಿರುಕಾವಾ ನಿಂತವಳು ಕೂತಳು. ಮುಂದಿನ ಸಾಲಿನ ಬಿಳಿ ಅಂಗಿಗಳೆಲ್ಲ ತಲೆ ತಗ್ಗಿಸಿದವು. ಭೂಮಿ ಬಾಯಿ ಬಿಡಬಾರದೇ ಅನಿಸಿತು ತೇಯ್ಜೋನಿಗೆ. ಅವನ ಒಂದು ಕೈತಪ್ಪನ್ನು ಮುಚ್ಚಲು ಅವಳು ಕಾಮೇಜಿಯ ಹೆಣವನ್ನು ಸಭೆಗೆ ತಂದು ಇಟ್ಟಿದ್ದಳು.

ಹೊರಗೆ ಓಬಾತಾ ಅವನ ಭುಜ ತಟ್ಟಿದ. “ಭೇಷ್! ಆ ಕೊನೇ ಮಾತಿದೆಯಲ್ಲ, ದೊಡ್ಡ ಸಾಹೇಬರ ಕಣ್ಣಲ್ಲಿ ನೀರು ಬಂತು. ಅದನ್ನೂ ನೀವೇ ಬರೆದುಕೊಟ್ಟಿದ್ದಾ?”

ತೇಯ್ಜೋ ತಲೆ ಬಾಗಿಸಿದ. ನಮ್ಮಲ್ಲಿ ಬಾಗಿದ ಬೆನ್ನಿಗೆ ಯಾರು ಯಾವ ಅರ್ಥ ಬೇಕಾದರೂ ಹಚ್ಚಿಕೊಳ್ಳಬಹುದು. ಓಬಾತಾ ಹೌದೆಂದು ಹಚ್ಚಿಕೊಂಡ. ನಾಚಿಕೆಗೆಟ್ಟ ಕೆಲಸ ಅದು. ಆ ದಿನ ಮಾಡಿದ ಎಲ್ಲಕ್ಕಿಂತ ಇದೇ ಹೇಸಿಗೆ ಎಂದು ತೇಯ್ಜೋನಿಗೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಅತ್ತಿಗೆಯ ಕಾಲಿಗೆ ಬೀಳಬೇಕೆಂದೇ ಅಂಗಡಿಗೆ ಹೋದ. ಅವನಿಗಿಂತ ಮೊದಲೇ ಹಿರುಕಾವಾ ಅಲ್ಲಿ ನಿಂತಿದ್ದಳು. ಬುಟ್ಟಿ ಕೆಳಗಿಟ್ಟು ಸೊಂಟ ಮುರಿಯುವಷ್ಟು ಬಾಗಿದ್ದಳು.

“ಇಸೊನೊ-ಸಾನ್, ಗೊತ್ತಿಲ್ಲದೆ ಅಂದ್ಬಿಟ್ಟೆ. ಗಂಡನ್ನ ಕಳ್ಕೊಂಡ ಹೆಂಗಸನ್ನ ಸಕುರಾ ಅಂದ್ನಲ್ಲ! ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ. ಸಂಘದ ಮುಖ್ಯಸ್ಥೆ ಜಾಗ ಬಿಡ್ತೀನಿ ಅಂತ ಹೇಳಿ ಕಳಿಸಿದೀನಿ.”

ಬಾಗಿಲಲ್ಲಿ ನಿಂತ ತೇಯ್ಜೋನನ್ನು ಕಂಡು ಅವನ ಕಡೆಗೂ ಬಾಗಿದಳು. “ಕಂಪನಿಯೋರು ನೀವು. ನಿಮಗೂ ನೋವಾಗಿರುತ್ತೆ. ಕ್ಷಮಿಸ್ಬೇಕು.”

ಇಡೀ ಸಭೆಯಲ್ಲಿ ನಿಜ ಹೇಳಿದವಳು ಅವಳೊಬ್ಬಳೇ. ಅವಳು ಬಂದು ಇಬ್ಬರು ಸುಳ್ಳುಗಾರರ ಮುಂದೆ ತಪ್ಪೊಪ್ಪಿಕೊಳ್ಳುತ್ತಿದ್ದಳು. ಬಾಯಿ ಬಿಟ್ಟರೆ ಅತ್ತಿಗೆಯ ಮಾನ ಹೋಗುತ್ತದೆ, ಬಿಡದಿದ್ದರೆ ಇವಳದು. ಬಿಸಿ ತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಹೀಗೆಂದು ಅವನು ತನಗೆ ತಾನೇ ಹೇಳಿಕೊಂಡ. ನಿಜವಾಗಿ ಅವನಿಗೆ ಹೆದರಿಕೆಯಿದ್ದದ್ದು ಕೆಲಸದ್ದು. ಫುಕಿ ಅವನನ್ನೇ ನೋಡುತ್ತಿದ್ದಳು. ತೇಯ್ಜೋ ಹಿರುಕಾವಾಗೆ ಮರುವಂದನೆ ಮಾಡಿದ, ಅಷ್ಟೇ.

ಹಿರುಕಾವಾ ತೋಫು ತೆಗೆದುಕೊಂಡು ಹೊರಟಳು. ಅಂಗಡಿಯಲ್ಲಿ ರುಬ್ಬುವ ಯಂತ್ರ ತಿರುಗುತ್ತಿತ್ತು.

“ಅತ್ತಿಗೆ...” ಎಂದ.

ಫುಕಿ ಯಂತ್ರ ನಿಲ್ಲಿಸಿದಳು, ರಬ್ಬರ್ ಬೂಟಿನಲ್ಲೇ ಬೀದಿಗೆ ಓಡಿದಳು. “ಹಿರುಕಾವಾ-ಸಾನ್! ನಿಲ್ರೀ! ಜಾಗ ಬಿಡ್ಬೇಡಿ! ನೀವು ಅಂದದ್ದೇ ಸರಿ, ನಾನು ಸಕುರಾನೇ. ಯಜಮಾನರು ಸತ್ತದ್ದು ನಿಜ, ಉಳಿದದ್ದೆಲ್ಲ ಬರೆದುಕೊಟ್ಟ ಮಾತು!”

ಅಕ್ಕಪಕ್ಕದ ಬಾಗಿಲುಗಳು ತೆರೆದವು. ಹಿರುಕಾವಾ ದಾರಿಯ ಮಧ್ಯೆ ನಿಂತು ಏನೋ ಕೇಳಿದಳು. ಫುಕಿಯ ಉತ್ತರ ಮಾತ್ರ ಅಂಗಡಿಯವರೆಗೂ ಬಂತು.

“ಯಾರು ಅಂತ ಕೇಳ್ಬೇಡಿ. ಅದೊಂದನ್ನ ಮಾತ್ರ ಕೇಳ್ಬೇಡಿ.”

ತೇಯ್ಜೋ ತನ್ನ ಖಾಲಿ ಪಾತ್ರೆ ಎತ್ತಿಕೊಂಡು ಹಿಂಬಾಗಿಲಿನಿಂದ ಹೋದ. ಎಂಟೂವರೆಗೆ ಆಫೀಸಿನಲ್ಲಿದ್ದ.